ಮಾರ್ಚಿ ತಿಂಗಳ ಒಂದಡಿ

ರೈನೊ ಲೆಹ್ಟೊ ಬೆಳಿಗ್ಗೆ ಸಂಜೆ ಶಾಲೆಯ ಬಸ್ಸು ಓಡಿಸುತ್ತಿದ್ದ. ನಡುವಿನ ಹೊತ್ತಿಗೆ ಒಂದು ಉಪಕಸುಬು ಬೇಕೆಂದು, ಅಮೆರಿಕದ ಮಿನೆಸೋಟ ರಾಜ್ಯದ ಉತ್ತರದ ತುದಿಯ ಆ ಊರಿನಲ್ಲಿ ಕೂತು ಅವನು ಯೋಚಿಸಿದಷ್ಟು ದೇವರು ಲೋಕ ಸೃಷ್ಟಿಸುವಾಗಲೂ ಯೋಚಿಸಿರಲಾರ. ಜೇನು ಸಾಕೋಣವೆಂದರೆ ಕರಡಿಗಳು ಪಾಲು ಕೇಳಲು ಬಂದವು. ಗಾಳಕ್ಕೆ ಎರೆಹುಳು ಮಾರೋಣವೆಂದರೆ ಹೆಂಡತಿ ಆರ್ಡಿಸ್ ಫ್ರಿಜ್ಜಿನ ಮುಂದೆ ಕೈ ಅಗಲಿಸಿ ನಿಂತಳು. ಕೊನೆಗೆ ಆರಿಸಿಕೊಂಡದ್ದು ಸರಳ ಕೆಲಸ: ಒಂದು ಪಿಕಪ್ ಗಾಡಿ, ಒಂದಷ್ಟು ಹಗ್ಗ. ಸರೋವರ ಹೆಪ್ಪುಗಟ್ಟಿದ ಮೇಲೆ ಜನ ಕೂತು ಮೀನು ಹಿಡಿಯುವ ಮರದ ಗೂಡುಗಳನ್ನು ಅದರ ಮೇಲಕ್ಕೆ ಎಳೆದೊಯ್ಯುವುದು, ಸರ್ಕಾರ ಹಾಕಿದ ಮಾರ್ಚಿಯ ಗಡುವಿನೊಳಗೆ ದಡಕ್ಕೆ ಎಳೆದು ತರುವುದು.

"ಅಂಗಡಿ ಬೇಡ, ಸರಕು ಬೇಡ. ಚಳಿಗಾಲ ತಪ್ಪಲ್ಲ, ಜನರ ಸೋಮಾರಿತನ ಬತ್ತಲ್ಲ. ಸಾಯೋತನಕ ನಡೆಯೋ ಕಸುಬು ಇದು," ಎನ್ನುತ್ತಿದ್ದ.

"ಸಾಯೋತನಕ ಅನ್ನೋದೇ ನಂಗೆ ಹಿಡಿಸ್ತಿಲ್ಲ," ಎನ್ನುತ್ತಿದ್ದಳು ಆರ್ಡಿಸ್.

ವರ್ಷದಿಂದ ವರ್ಷಕ್ಕೆ ಸೋಮಾರಿತನ ಕೊಬ್ಬಿತು, ಮಂಜುಗಡ್ಡೆ ಸೊರಗಿತು. ಹಿಂದೆಲ್ಲ ಅದರ ಮೇಲೆ ಚರ್ಚನ್ನೇ ಪಾದ್ರಿ ಸಮೇತ ಎಳೆದುಕೊಂಡು ಹೋಗಬಹುದಿತ್ತು. ಈಗ ಎಲ್ಲರೂ ಕರೆಯುವುದು ಕಡೆಯ ವಾರದಲ್ಲಿ; ದಡದಂಚಿನ ಗಡ್ಡೆ ಕರಗಿ ಬೂದಿಬಣ್ಣಕ್ಕೆ ತಿರುಗುವುದೂ ಅದೇ ವಾರದಲ್ಲಿ. ಕಸುಬು ಬೆಳೆಯಿತೆಂದು ಊರು ಹೊಗಳಿತು.

ಈ ಸಲದ ಗಡುವಿನ ಮಧ್ಯಾಹ್ನ ಉಳಿದದ್ದು ಒಂದೇ ಗೂಡು, ಗೆಳೆಯ ವೆಂಡೆಲ್ ಸ್ಕಾರ್‌ನದು. ದಡದಿಂದ ಕೂಗಳತೆ ದೂರದಲ್ಲಿ ಒಂಟಿಯಾಗಿ ನಿಂತಿತ್ತು. ರೈನೊ ದಡದಲ್ಲೇ ಗಾಡಿ ನಿಲ್ಲಿಸಿ ಕಿವಿಗೊಟ್ಟ. ಆರೋಗ್ಯವಂತ ಮಂಜುಗಡ್ಡೆ ಬಾಯಿ ಮುಚ್ಚಿಕೊಂಡಿರುವುದಿಲ್ಲ. ಜನವರಿಯಲ್ಲಿ ಅದರ ನರಳಾಟಕ್ಕೆ ಪಕ್ಕದ ಜಿಲ್ಲೆಯ ಹಸುಗಳೂ ಹಾಲು ನಿಲ್ಲಿಸುತ್ತವೆ. ಇವತ್ತು ಅದು ಪಿಟ್ಟೆನ್ನುತ್ತಿರಲಿಲ್ಲ.

"ಏನೋ, ಪ್ರಾರ್ಥನೆ ಮುಗೀತಾ?" ದಡದಲ್ಲಿ ಕಾದು ನಿಂತಿದ್ದ ವೆಂಡೆಲ್ ಕೇಳಿದ. "ಕೊರೆದು ನೋಡಿದೀನಿ ಕಣೋ, ಒಂದಡಿ ದಪ್ಪ ಇದೆ. ಒಂದಡಿ ಇದ್ರೆ ಗಾಡಿ ತಡೆಯುತ್ತೆ ಅಂತ ನೀನೇ ಹೇಳಿದ್ದು."

"ಅದು ಜನವರಿ ಒಂದಡಿ. ಇದು ಮಾರ್ಚಿ ಒಂದಡಿ. ಬುಡ ಹುಳುಕಾದ ಮೇಲೆ ಹಲ್ಲು ಎಷ್ಟುದ್ದ ಇದ್ರೇನು?"

"ನಮ್ಮಪ್ಪ ಸಾಯೋ ಮುಂಚೆ ಮಾಡಿದ ಬೆಂಚು ಅದರೊಳಗಿದೆ."

ರೈನೊನ ಪಕ್ಕದ ಸೀಟಿನಿಂದ ಆರ್ಡಿಸ್ ಅಂದಳು, "ಬೆಂಚಿಗೆ ಹೋದವನು ಅಪ್ಪನ್ನೇ ನೋಡ್ಕೊಂಡು ಬರೋ ಹಾಗಾದೀತು ವೆಂಡೆಲ್."

"ಊರಿಗೆಲ್ಲ ಎಳೆದುಕೊಟ್ಟ, ನನಗೆ ಮಾತ್ರ ಆಗಲ್ವಂತೆ! ರೈನೊಗೆ ವಯಸ್ಸಾಯ್ತು, ಕೈ ನಡುಗುತ್ತೆ ಅಂತ ಹೇಳ್ತೀನಿ ಬಿಡು."

ಹೇಳಿಯೇ ಹೇಳುತ್ತಾನೆ, ಮುಂದಿನ ಚಳಿಗಾಲಕ್ಕೆ ಯಾರೂ ಕರೆಯುವುದಿಲ್ಲ. ರೈನೊನ ಕೈ ಗಾಡಿಯ ಕೀಲಿಯ ಮೇಲೆ ಎಷ್ಟೋ ಹೊತ್ತು ಇತ್ತು. ಆಮೇಲೆ ಕೀಲಿ ಕಿತ್ತು ಆರ್ಡಿಸ್‌ಳ ಮಡಿಲಿಗೆ ಹಾಕಿದ. "ಆಗಲ್ಲ ಕಣೋ."

ವೆಂಡೆಲ್ ಉಗಿದು ತನ್ನ ಗಾಡಿ ಹತ್ತಿದ.

"ಲೋ, ಕಿಟಕಿ ಇಳಿಸು! ಬೆಲ್ಟ್ ಹಾಕ್ಬೇಡ! ಬಾಗಿಲು ತೆರೆದಿಟ್ಕೊಂಡು ಹೋಗೋ, ಮುಳುಗಿದ್ರೆ ಹಾರ್ಬೇಕು!" ರೈನೊ ಇಳಿದು ಪಕ್ಕದಲ್ಲೇ ಓಡಿದ.

"ಚಳಿ ಮಾರಾಯ!" ಕಿಟಕಿ ಮೇಲೇರಿತು.

ಗಾಡಿ ಗೂಡು ಮುಟ್ಟಿತು. ವೆಂಡೆಲ್ ಇಳಿದು ಸರಪಳಿ ಸಿಕ್ಕಿಸಿ ಮತ್ತೆ ಒಳಗೆ ಕೂತ. ಗೂಡಿನ ಅಡಿಮರ ಗಡ್ಡೆಗೆ ಅಂಟಿಕೊಂಡಿತ್ತು, ಕದಲಲಿಲ್ಲ. ಚಕ್ರಗಳು ಗಿರಗಿರನೆ ತಿರುಗಿದವು. ಅವು ಎರಚಿದ್ದು ಹಿಮವಲ್ಲ, ನೀರು.

ರೈನೊ ಇದ್ದಬದ್ದ ಹಗ್ಗವನ್ನೆಲ್ಲ ಗಂಟುಹಾಕಿ ಒಂದು ತುದಿಯನ್ನು ತನ್ನ ಸೊಂಟಕ್ಕೆ, ಇನ್ನೊಂದನ್ನು ಪಿಕಪ್ಪಿಗೆ ಬಿಗಿದ.

"ನಾನು ಕೈ ಎತ್ತಿದ್ರೆ ಗಾಡಿ ಹಿಂದಕ್ಕೆ ತಗೋ. ನಿಲ್ಲಿಸ್ಬೇಡ," ಎಂದ.

ಆರ್ಡಿಸ್ ಸ್ಟಿಯರಿಂಗಿನ ಹಿಂದೆ ಸರಿದು ಕೂತು ಕೀಲಿ ತಿರುಗಿಸಿದಳು. ಅವನು ಹೊಟ್ಟೆಯ ಮೇಲೆ ಮಲಗಿ ಗಡ್ಡೆಯ ಮೇಲೆ ತೆವಳತೊಡಗಿದ. ಅಂಗಿ ಆಗಲೇ ಒದ್ದೆಯಾಗಿತ್ತು. ಅಲ್ಲಿ ವೆಂಡೆಲ್ ಆಕ್ಸಿಲರೇಟರನ್ನು ಇನ್ನೊಮ್ಮೆ ಜೋರಾಗಿ ಒತ್ತಿದ. ಗಾಡಿಯ ಹಿಂದಿನ ಕೆಂಪು ದೀಪಗಳು, ಕೂರಲು ಜಾಗ ನೋಡಿಕೊಂಡವರಂತೆ, ಮೆಲ್ಲಗೆ ನೀರಿನೊಳಕ್ಕೆ ತಗ್ಗಿದವು.