ಗೌರಿ ಮೇಯುವಲ್ಲಿ ಹಳದಿ ಮುಳ್ಳು

ಜೂನ್ ತಿಂಗಳ ಒಂದು ಶನಿವಾರ ಬೆಳಗ್ಗೆ ಆರಕ್ಕೇ ಗ್ಲೆಂಡೇಲ್ ಬಿಟ್ಟೆ. ಸ್ಯಾನ್ ಡಿಯಾಗೋದ ಮೀರಾ ಮೆಸಾಕ್ಕೆ ಸುಮಾರು ನೂರಿಪ್ಪತ್ತು ಮೈಲಿ. ಟ್ರಾಫಿಕ್ ದಯೆಯಿಂದ ಮೂರು ಗಂಟೆ ಹಿಡಿಯಿತು. ಕಡಲ ಪಕ್ಕದ ದಾರಿಯುದ್ದಕ್ಕೂ ಮೋಡ, ಚಳಿ. ಎಲ್ಲರೂ ಸ್ಯಾನ್ ಡಿಯಾಗೋಗೆ ಬೀಚ್ ನೋಡಲು ಹೋಗುತ್ತಾರೆ, ನಾನು ಹೊರಟಿದ್ದು ಕಳೆ ನೋಡಲು. ಹುಲ್ಲುಗಾವಲಿನ ಕಳೆಗಳ ಬಗ್ಗೆಯೇ ಐದು ವರ್ಷ ಓದಿದವಳು ನಾನು. ಈ ವಿಷಯದಲ್ಲಿ ನನ್ನ ಮುಂದೆ ಯಾರೂ ಬಾಲ ಬಿಚ್ಚುವಂತಿಲ್ಲ.

ಬಿಚ್ಚಿದವರು ಬಸವರಾಜ ಅಂಕಲ್. ಗದಗ ಕಡೆಯವರು, ಟೆಲಿಕಾಂ ಕೆಲಸದಿಂದ ರಿಟೈರ್ ಆಗಿ ಗೌರಿ ಎಂಬ ಕುದುರೆ ಸಾಕಿದ್ದರು. ಅವಳ ಹುಲ್ಲುಗಾವಲಿನಲ್ಲಿ ಊರಿನ ಎಣ್ಣೆಬೆಳೆ ಕುಸುಬೆ ಎದ್ದಿದೆ ಎಂದು ಹಿಗ್ಗಿ ಫೋಟೋ ಕಳಿಸಿದ್ದರು. ನೋಡಿದ ಕೂಡಲೇ ಫೋನ್ ಮಾಡಿದೆ. "ಗೌರೀನ್ನ ಅಲ್ಲಿ ಬಿಡಬ್ಯಾಡ್ರಿ" ಎಂದರೆ, "ಗದಗಿನವರಿಗೆ ಕುಸುಬಿ ಕಲಿಸ್ತೀಯೇನವ್ವಾ?" ಎಂದು ನಕ್ಕಿದ್ದರು.

ಮೀರಾ ಮೆಸಾದ ಅವರ ಮನೆಯಲ್ಲಿ ಆಂಟಿ ಕೊಟ್ಟ ರೊಟ್ಟಿ, ಶೇಂಗಾ ಚಟ್ನಿ ತಿಂದು, ಅಂಕಲ್ ಕಾರಿನ ಹಿಂದೆಯೇ ಗೌರಿ ಇರುವ ರಮೋನಾ ಕಡೆ ಡ್ರೈವ್ ಮಾಡಿದೆ. ಮುಕ್ಕಾಲು ಗಂಟೆಯಲ್ಲಿ ಮೋಡ ಮಾಯ, ಸುಡುಬಿಸಿಲು. ಗೌರಿ ಹಳದಿ ಹೂಗಳ ನಡುವೆಯೇ ನಿಂತಿದ್ದಳು!

ನಾನು ಒಂದು ಗಿಡ ಕಿತ್ತು ಹಿಡಿದೆ. "ಎಲಿ ಮುಟ್ರಿ ಅಂಕಲ್. ಕುಸುಬಿ ಆಗಿದ್ರ ಎಲಿಗೂ ಮುಳ್ಳು ಇರ್ತಿತ್ತು. ಇದು ಮೆತ್ತಗದ. ಮುಳ್ಳೆಲ್ಲಾ ಹೂವಿನ ಬುಡಕ್ಕ. ಇದು ಸ್ಟಾರ್ ಥಿಸಲ್, ಹೊರದೇಶದಿಂದ ಬಂದ ಕಳೆ. ಕುದುರಿ ಬಹಳ ದಿನ ತಿಂದ್ರ ಮಿದುಳು ಕೆಡ್ತದ. ಬಾಯಾಗಿಂದು ಅಗಿಯಾಕ ಬರಂಗಿಲ್ಲ. ಔಷಧ ಇಲ್ಲ."

ಅಂಕಲ್ ಎಲೆ ಸವರಿದರು. ನಗು ಅಳಿಸಿಹೋಯಿತು. "ಹದಿನೈದು ದಿನಾ ಆತು ಬಿಟ್ಟು. ನಮ್ಮೂರಿನ ಬೆಳಿ ಅಂತ ನಾನಽ ವಿಷಾ ತಿನ್ನಿಸಿದ್ನೇನವ್ವಾ?"

ಗೌರಿ ಅಗಿಯುತ್ತಾಳೋ ನೋಡೋಣ ಎಂದೆ. ಬ್ಯಾಗಿನಿಂದ ಗಜ್ಜರಿ ತೆಗೆದು ಅವರ ಕೈಗಿಟ್ಟೆ. ಗೌರಿ ಮೂಸಿದಳು, ತುಟಿಯಲ್ಲಿ ಎಳೆದುಕೊಂಡಳು, ಸುಮ್ಮನಾದಳು. ಅಂಕಲ್ ಅವಳ ದವಡೆಯನ್ನೇ ನೋಡುತ್ತಿದ್ದರು. ಆಮೇಲೆ ಕಟಕಟ ಅಗಿದಳು.

"ಇನ್ನೂ ಕೆಟ್ಟಿಲ್ಲ. ಡಾಕ್ಟರಿಗೂ ತೋರಿಸ್ರಿ" ಎಂದೆ. ಇಬ್ಬರೂ ಅವಳನ್ನು ಬೇಲಿಯಾಚೆ ಕಟ್ಟಿ ಒಣಹುಲ್ಲು ಹಾಕಿದೆವು. ಅಂಕಲ್ ಹುಲ್ಲು ಕತ್ತರಿಸುವ ಮಷೀನ್ ಹೊಡೆಸೋಣ ಎಂದರು. "ಹೂವಿಗೆ ಮೊದಲ ಕತ್ತರಿಸಿದ್ರ ಬುಡದಿಂದ ಚಿಗೀತದ, ಕಾಳು ಕಟ್ಟಿದ ಮ್ಯಾಲೆ ಕತ್ತರಿಸಿದ್ರ ನೀವಽ ಬಿತ್ತಿದಂಗ. ಈಗ ಹೂ ಶುರು ಆಗ್ಯಾವ, ಹದಾ ಸರಿ ಅದ. ಆದ್ರ ಇಷ್ಟಕ್ಕ ಮಷೀನ್ ಯಾಕ? ಬೇರು ಸಮೇತ ಕಿತ್ತು ಚೀಲಕ್ಕ ತುಂಬೂಣು. ಮಣ್ಣಾಗ ಬೀಜಾ ಉಳಿದಿರ್ತಾವ, ಇನ್ನ ಮೂರು ವರ್ಷ ಇದಽ ಕೆಲಸ" ಎಂದೆ.

ಸಂಜೆ ನಾನು ಕಾರು ಹತ್ತಿದಾಗಲೂ ಅಂಕಲ್ ಬಗ್ಗಿ ಕೀಳುತ್ತಲೇ ಇದ್ದರು. ಗೇಟಿನ ಬಳಿ ತಿರುಗಿ ನೋಡಿದೆ. ಒಂದು ಗಿಡ ಕೀಳುವುದು, ತಲೆಯೆತ್ತಿ ಗೌರಿ ಅಗಿಯುತ್ತಿದ್ದಾಳೆಯೇ ಎಂದು ನೋಡುವುದು. ಮತ್ತೊಂದು ಕೀಳುವುದು, ಮತ್ತೆ ನೋಡುವುದು.