ಅರಾಬಾಳ ಪುಸ್ತಿಕೆಯಲ್ಲಿ ಒಂದು ಜಾಗ

ಕಡಲತೀರದ ಸಾಲ್ಟ್‌ಪಾಂಡ್ ಊರಿನಲ್ಲಿ ಯಾರಾದರೂ ತೀರಿಕೊಂಡರೆ ಮನೆಯವರು ಮೊದಲು ಪಾದ್ರಿಯ ಬಳಿ, ಆಮೇಲೆ ಆರಿನ್ ಮೇಷ್ಟ್ರ ಬಳಿ ಹೋಗುತ್ತಿದ್ದರು. ಮಣ್ಣು ಮಾಡುವ ದಿನ ಹಂಚುವ ಪುಸ್ತಿಕೆಯಲ್ಲಿ ಗಂಡ, ಮಕ್ಕಳು, ಮೊಮ್ಮಕ್ಕಳು, ಚರ್ಚಿನವರು ಎಂದು ಒಬ್ಬೊಬ್ಬರದೂ ಒಂದು ನುಡಿನಮನ ಇರಬೇಕು. ಅದೂ ಇಂಗ್ಲಿಷಿನಲ್ಲಿ. ತಮ್ಮ ಫಾಂಟೆ ಭಾಷೆಯಲ್ಲಿ ಎದೆ ಬಿಚ್ಚಿ ಅಳುವವರು ಇಂಗ್ಲಿಷಿನಲ್ಲಿ ಅಳಲು ಹೋದರೆ ಏಕವಚನ, ಬಹುವಚನ ಎಲ್ಲ ಕಲಸಿಹೋಗುತ್ತಿತ್ತು. ಅದನ್ನು ನೇರ ಮಾಡಿಕೊಡುವುದು ನಿವೃತ್ತರಾದ ಮೇಲೆ ಮೇಷ್ಟ್ರು ಹಚ್ಚಿಕೊಂಡ ಕೆಲಸ.

“ಸತ್ತವರೂ ನಿಮ್ಮ ಕೈಲಿ ಪಾಸಾಗ್ದೆ ಮಣ್ಣಿಗೆ ಹೋಗೋ ಹಾಗಿಲ್ಲ ಅನ್ನಿ!” ಎಂದು ಎದುರುಮನೆಯ, ಮೆಕ್ಕೆಜೋಳದ ಕೆಂಕಿ ಕಡುಬು ಮಾರುವ ಮುದುಕಿ ಛೇಡಿಸುತ್ತಿದ್ದಳು.

ಮೇಷ್ಟ್ರು ಕೆಂಪು ಶಾಯಿ ಮುಟ್ಟಿದವರಲ್ಲ. ಬಂದವರಿಂದಲೇ ಗಟ್ಟಿಯಾಗಿ ಓದಿಸುತ್ತಿದ್ದರು. ತಪ್ಪು ಬಂದಲ್ಲಿ ಬೆರಳಿನಿಂದ ಮೇಜು ತಟ್ಟುತ್ತಿದ್ದರು. ಓದುವವರು ಹಿಂದಕ್ಕೆ ಹೋಗಿ ತಾವೇ ಹುಡುಕಿ ಸರಿಮಾಡಬೇಕು. ತಾನೇ ಕಂಡುಕೊಂಡ ತಪ್ಪನ್ನು ಮನುಷ್ಯ ಮತ್ತೆ ಮಾಡುವುದಿಲ್ಲ ಎಂಬುದು ನಲವತ್ತು ವರ್ಷ ಪಾಠ ಹೇಳಿದ ಅವರ ನಂಬಿಕೆ.

ಆ ಬುಧವಾರ ಸೆಕೊಂಡಿಯಿಂದ ಎಕುವಾ ಬಂದಳು. ಅವಳ ತಾಯಿ ಅರಾಬಾಳನ್ನು ಹುಟ್ಟಿದೂರಿಗೇ ತಂದು ಮಣ್ಣು ಮಾಡುವವರಿದ್ದರು. ಸುದ್ದಿ ಕೇಳಿದ ದಿನದಿಂದ ಮೇಷ್ಟ್ರಿಗೆ ಒಂದೇ ಆಸೆ: ಆ ಪುಸ್ತಿಕೆಯಲ್ಲಿ ತಮ್ಮದೂ ಒಂದೆರಡು ಸಾಲು ಇರಬೇಕು. ಆದರೆ ಯಾವ ಬಾಯಲ್ಲಿ ಕೇಳುವುದು? ತಾವು ಅವಳಿಗೆ ಏನಾಗಬೇಕು?

“ನಾಲ್ಕು ಗಂಟೆಗೆ ಪ್ರೆಸ್ಸಿಗೆ ಕೊಡ್ಬೇಕು, ಮೇಷ್ಟ್ರೇ.”

“ಓದಮ್ಮ.”

ಮಕ್ಕಳ ನುಡಿನಮನದಲ್ಲಿ ಆರು ಸಲ ಮೇಜು ಸದ್ದಾಯಿತು. ಚರ್ಚಿನವರದರಲ್ಲಿ ಹನ್ನೊಂದು ಸಲ. ಎಕುವಾ ನಗುತ್ತಾ ತಿದ್ದಿಕೊಂಡಳು. ಆಮೇಲೆ ತಂದೆ ಬರೆದದ್ದನ್ನು ಎತ್ತಿಕೊಂಡಳು. ಮೀನು ಹೊಗೆಗಿಡುವಾಗ ಅರಾಬಾ ಚರ್ಚಿನ ಹಾಡನ್ನು ಕೆಳದನಿಯಲ್ಲಿ ಗುನುಗುತ್ತಿದ್ದಳಂತೆ. ಯಾರಾದರೂ ಕೇಳಿಸಿಕೊಂಡರೆ ಥಟ್ಟನೆ ನಿಲ್ಲಿಸಿ, ಕೈಯಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳಂತೆ.

ಮೇಜು ಸದ್ದಾಗಲಿಲ್ಲ.

“ಸರಿ ಇದೆಯಾ?”

“ಇನ್ನೊಂದ್ಸಲ ಓದು.”

ಓದಿದಳು. ಮೂರನೆಯ ಸಲವೂ ಓದಿದಳು.

“ಅಂಥಾದ್ದೇನು ತಪ್ಪಿದೆ ಮೇಷ್ಟ್ರೇ? ನಂಗಂತೂ ಸಿಗ್ತಿಲ್ಲ.”

“ನಾನು ತಪ್ಪು ಗಮನಿಸ್ಲೇ ಇಲ್ಲ ಮಗಳೇ. ಬಾಯಿ ಮುಚ್ಕೊಳ್ಳೋದು ಹಾಗೇ ಇತ್ತಾ ಕೊನೇವರೆಗೂ?”

ಎಕುವಾ ಹಾಳೆ ಕೆಳಗಿಟ್ಟಳು. “ಅಮ್ಮ ನಿಮ್ಗೆ ಗೊತ್ತಿದ್ರಾ?”

ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಒಟ್ಟಿಗೆ ಓದಿದ್ದನ್ನು ಅವರು ಹೇಳಿದರು. ಹೆಣ್ಣು ಕೇಳಲು, ಪದ್ಧತಿಯಂತೆ ಮದ್ಯದ ಬಾಟಲಿ ಹಿಡಿದು ಅವಳ ಮನೆಯ ಬಾಗಿಲು ತಟ್ಟಬೇಕಾದವರು ಇವರ ಸೋದರಮಾವ. ಕೋಕೋ ಕೊಯ್ಲು ಮುಗಿಯಲಿ ಎಂದು ಮಾವ ಮುಂದೂಡಿದರು. ಅಷ್ಟರಲ್ಲಿ ಸೆಕೊಂಡಿಯವರು ಬಂದು ತಟ್ಟಿಹೋಗಿದ್ದರು. ಆಮೇಲೆ ಇವರಿಗೂ ಮದುವೆಯಾಯಿತು, ಮಕ್ಕಳಾದರು, ಬಾಳು ಚೆನ್ನಾಗಿಯೇ ಸಾಗಿತು.

ಎಕುವಾ ಚೀಲದಿಂದ ಬಿಳಿ ಹಾಳೆ ತೆಗೆದಳು.

“ನಿಮ್ದೂ ಒಂದೆರಡು ಸಾಲು ಇರ್ಲಿ, ಅಪ್ಪನಿಗೆ ನಾನು ಹೇಳ್ಕೋತೀನಿ. ಹೇಳಿ, ತಲೆಬರಹ ಏನು ಹಾಕ್ಲಿ?”

“ಸಹಪಾಠಿ ಅಂತ ಹಾಕು.”

“ಬರೀ ಸಹಪಾಠಿನಾ?”

“ಅದ್ರಲ್ಲಿ ಸುಳ್ಳಿಲ್ಲ ನೋಡು.”

ಮೇಷ್ಟ್ರು ಕಣ್ಣು ಮುಚ್ಚಿ, ತರಗತಿಯಲ್ಲಿ ಉಕ್ತಲೇಖನ ಹೇಳುವ ಹಾಗೆ ನಿಧಾನವಾಗಿ ಹೇಳಿದರು. ಕಾಲೇಜಿನ ಗಾಯನ ತಂಡದಲ್ಲಿ ಅರಾಬಾ ನನ್ನ ಮುಂದಿನ ಸಾಲಿನಲ್ಲಿ ನಿಲ್ಲುತ್ತಿದ್ದಳು. ಅವಳ ದನಿ ಕೇಳಿಸಲೆಂದು ನಾನು ಮೆಲ್ಲಗೆ ಹಾಡುತ್ತಿದ್ದೆ. ಒಂದು ದಿನ ಅವಳು ಹಿಂತಿರುಗಿ ನೋಡಿ ನಕ್ಕಳು.

ಎಕುವಾ ಬರೆದು ಮುಗಿಸಿ ಪೆನ್ನು ಹಿಡಿದೇ ಕಾದಳು.

“ಮುಂದೆ, ಮೇಷ್ಟ್ರೇ?”

“ಮುಂದೆ ಇಲ್ಲಮ್ಮ. ನಡೆದದ್ದು ಅಷ್ಟೇ.”