ನಿಂಗಿಗೆ ಹಿಡಿದ ಜಾಗ

ಅವತ್ತು ನಿಂಗಿ ಬಂದಿರಲಿಲ್ಲ. ಬಂದಾಳ ಅಂತ ಹೇಳಿದವಳು ನಾನು — ತಿರುಗಿ ಸಹ ನೋಡದೆ. ಆ ಸುಳ್ಳನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಇಷ್ಟು ವರ್ಷ ಉಂಡೆ, ಮಲಗಿದೆ, ಸಾಲಿ ಮಕ್ಕಳಿಗೆ ಸುಳ್ಳು ಹೇಳಬಾರದು ಅಂತ ಪಾಠವನ್ನೂ ಮಾಡಿದೆ. ನಿಂಗಿಯ ತಾಯಿ ಹನುಮವ್ವನಿಗೆ ಓದಲು ಬರುವುದಿಲ್ಲ. ಆ ಧೈರ್ಯದ ಮೇಲೇ ಇದನ್ನು ಬರೆಯುತ್ತಿದ್ದೇನೆ. ಥೂ, ಇದೂ ಒಂದು ಧೈರ್ಯವೇ!

ನಮ್ಮೂರು ಹುಣಸಗಿಯ ಆಚೆ, ಕಾಲುವೆಯ ಕೊನೆಗೆ. ಕಾಲುವೆ ದಾಟಿದರೆ ಕ್ಯಾಂಪು, ಕಾಲುವೆ ಕೆಲಸದವರ ಮನೆಗಳು. ಅಲ್ಲೊಂದು ಮನೆಯಲ್ಲಿ ಟಿ.ವಿ. ಇತ್ತು. ಭಾನುವಾರ ಬೆಳಿಗ್ಗೆ ಕಾಲೇಜು ಹುಡುಗ ಹುಡುಗಿಯರ ಹಿಂದಿ ನಗೆ ಧಾರಾವಾಹಿ ಬರುತ್ತಿತ್ತು. ನಮಗೆ ಅರ್ಧ ಮಾತು ತಿಳಿಯುತ್ತಿರಲಿಲ್ಲ. ಆದರೆ ಪೆಟ್ಟಿಗೆಯೊಳಗೆ ಯಾರೋ ಕಾಣದ ಮಂದಿ ಗೊಳ್ಳೆಂದು ನಗುತ್ತಿದ್ದರಲ್ಲ, ಅವರು ನಕ್ಕಾಗ ನಾವೂ ನಗುತ್ತಿದ್ದೆವು. ನಿಂಗಿ ಮಾತ್ರ ಅವರಿಗಿಂತ ಮೊದಲೇ ನಗುತ್ತಿದ್ದಳು. "ನಿನಗ ಹ್ಯಾಂಗ ಗೊತ್ತಾತಬೇ?" ಅಂತ ಕೇಳಿದರೆ ಇನ್ನಷ್ಟು ನಗುತ್ತಿದ್ದಳು.

ಕೋಣೆ ತುಂಬ ಮಂದಿ. ಬಸ್ಸಿನ ಕಿಟಕಿಯೊಳಗೆ ಟವೆಲ್ ಒಗೆದು ಸೀಟು ಹಿಡಿಯುತ್ತೇವಲ್ಲ, ಅಲ್ಲೂ ಅದೇ ಕಾಯಿದೆ. ಟವೆಲ್ ಹಾಸಿದರೆ ಮನುಷ್ಯ ಕೂತ ಹಾಗೆಯೇ, ಯಾರೂ ಮುಟ್ಟುವುದಿಲ್ಲ. ಅವತ್ತು ನಾನು ಮುಂಚೆ ಹೋಗಿ ನನ್ನ ಪಕ್ಕ, ನಿಂಗಿ ಹಿಂದಿನ ದಿನವೇ ಕೊಟ್ಟಿದ್ದ ಅವಳ ಕೆಂಪು ಟವೆಲ್ ಹಾಸಿದ್ದೆ.

ಬೇಸಿಗೆಯಲ್ಲಿ ಕಾಲುವೆ ಬತ್ತಿದಾಗ ನಾವು ಅದರೊಳಗೇ ಇಳಿದು ಆಚೆ ಹತ್ತುತ್ತಿದ್ದೆವು. ನೀರು ಬಿಡುತ್ತಾರೆಂದು ಹಿಂದಿನ ದಿನ ಡಂಗುರ ಸಾರಿದ್ದರು. ಆದರೆ ಕಾಲುವೆಯ ಬಾಲದಲ್ಲಿದ್ದವರು ನಾವು; ಹೇಳಿದ ಹೊತ್ತಿಗೆ ನೀರು ಬಂದದ್ದನ್ನು ಯಾರು ಕಂಡಿದ್ದರು? "ನಮ್ಮ ತನಕ ಬರೋದ್ರಾಗ ಸಂಜಿ ಆಗ್ತದ ತಗೋ" ಅಂದುಕೊಂಡೆವು. ಅವತ್ತು ಬೆಳಿಗ್ಗೆಯೇ ಬಂತು.

ಹನುಮವ್ವ ದೂರದ ಸೇತುವೆ ಸುತ್ತಿ ಓಡಿಬಂದು ಬಾಗಿಲಲ್ಲಿ ನಿಂತಳು. ಒಳಗೆ ಕಾಲಿಡಲು ಜಾಗವಿರಲಿಲ್ಲ.

"ಮಾದೇವಿ, ನಮ್ಮ ನಿಂಗಿ ಬಂದಾಳೇನಬೇ?"

ಟಿ.ವಿ.ಯಲ್ಲಿ ಯಾರೋ ಜಾರಿ ಬೀಳುವುದರಲ್ಲಿದ್ದ. ಕಣ್ಣಂಚಿನಲ್ಲಿ ಕೆಂಪು ಟವೆಲ್ ಕಂಡಿತು, ಅಷ್ಟೇ.

"ಬಂದಾಳ, ಇಲ್ಲೇ ಕುಂತಾಳ."

ಅದೇ ಹೊತ್ತಿಗೆ ಪೆಟ್ಟಿಗೆ ನಕ್ಕಿತು. "ನಗಾಕತ್ತಾಳ ನೋಡು ಕಳ್ಳಿ" ಅಂದು ಹನುಮವ್ವ ನಿರಾಳವಾಗಿ ಹೊರಟುಹೋದಳು.

ಸಂಜೆ ನಿಂಗಿ ಹೆಣವಾಗಿ ಸಿಕ್ಕಳು, ಕೆಳಗಿನ ತೂಬಿನ ಹತ್ತಿರ. ಮುಷ್ಟಿಯಲ್ಲಿ ಜಾಲಿ ಟೊಂಗೆ ಇತ್ತು, ಅಂಗೈ ತುಂಬ ಮುಳ್ಳು. ಎಷ್ಟು ಹೊತ್ತು ಹಿಡಿದುಕೊಂಡಿದ್ದಳೋ — ಹನುಮವ್ವ ಆಗಲೇ ದಂಡೆಗುಂಟ ಹುಡುಕಿಕೊಂಡು ಹೋಗಿದ್ದರೆ —

ಎಲ್ಲರೂ ನನ್ನನ್ನೇ ಕೇಳಿದರು. "ಮುಗಿದ ಮ್ಯಾಲೆ ಎದ್ದು ಹೋದ್ಳು" ಅಂದೆ. ಮೊದಲನೆಯದು ಅಲಕ್ಷ್ಯದ ಮಾತು, ಒಪ್ಪುತ್ತೇನೆ. ಇದು ಮಾತ್ರ ತಿಳಿದೂ ತಿಳಿದೂ ಹೇಳಿದ್ದು. ಅಂಜಿ ಹೇಳಿದ್ದು.

ಆಮೇಲೆ ಒಬ್ಬೊಬ್ಬರೂ ಸಾಕ್ಷಿ ಹೇಳತೊಡಗಿದರು. "ನನ್ನ ಮುಂದೇ ಕುಂತಿದ್ಳಲ್ಲವ್ವ" ಅಂದಳು ಒಬ್ಬಳು. "ನನ್ನ ಕಡೀಲೆ ನೀರು ಇಸ್ಕೊಂಡು ಕುಡುದ್ಳು" ಅಂದಳು ಇನ್ನೊಬ್ಬಳು. ನನ್ನ ಸುಳ್ಳಿಗೆ ಊರೇ ಕೈಕಾಲು ಜೋಡಿಸಿತು. ಒಮ್ಮೊಮ್ಮೆ ನನಗೇ ಅನುಮಾನ, ಬಂದಿದ್ದಳೇನೋ ಅಂತ. ಕಾರ್ಯಕ್ರಮ ಮುಗಿದ ಮೇಲೆ ಆ ಟವೆಲ್ ಮಡಚಿದವಳು ನಾನೇ. ಅದು ಹಸಿಯಾಗಿತ್ತು. ಯಾರೋ ತಂಬಿಗೆ ಉರುಳಿಸಿರಬೇಕು. ಇರಬೇಕು.

"ನನ್ನ ಮಗಳು ನಕ್ಕೋಂತ ಹೋದ್ಳು, ನಾನೇ ಕಿವಿಯಾರೆ ಕೇಳೀನಿ" — ಹನುಮವ್ವ ಇಷ್ಟು ವರ್ಷ ಬದುಕಿದ್ದು ಈ ಒಂದು ಮಾತಿನ ಮೇಲೆ.

ಈಗ ಅದೇ ಧಾರಾವಾಹಿ ಮತ್ತೆ ಶುರುವಾಗಿದೆ. ಅಂದಿನ ಹುಡುಗ ಹುಡುಗಿಯರೇ ಅಪ್ಪ ಅಮ್ಮ ಆಗಿ ಬಂದಿದ್ದಾರೆ. ಹಳೆಯ ಗೆಳತಿಯರೆಲ್ಲ ಹಟ ಹಿಡಿದು ಹೋದ ಭಾನುವಾರ ನಮ್ಮ ಮನೆಯಲ್ಲೇ ಸೇರಿದರು. "ಯವ್ವಾ, ಆ ಚೆಲುವ ನೋಡಬೇ, ತಲಿ ಬೋಳಾಗ್ಯಾದ!" "ನೀ ಏನು ಹಂಗೇ ಉಳದೀಯೇನು? ಕನ್ನಡಿ ನೋಡ್ಕೋ ಹೋಗು." "ಹಳೇದರ ಮಜಾ ಇದಕ್ಕಿಲ್ಲ ಬಿಡು." ಹೌದು, ಏನೋ ಕಡಿಮೆಯಿತ್ತು. ಹೊಸದರಲ್ಲಿ ಆ ಕಾಣದ ಮಂದಿಯ ನಗುವಿಲ್ಲ. ಎಲ್ಲಿ ನಗಬೇಕೋ ತಿಳಿಯದೆ ಎಲ್ಲರೂ ಸುಮ್ಮನಾದರು.

ಆಗ ಹನುಮವ್ವ ಬಂದು ಬಾಗಿಲಲ್ಲಿ ನಿಂತಳು. ಈಚೆಗೆ ಅವಳಿಗೆ ನೆನಪು ಕಲಸಿಹೋಗಿದೆ.

"ನಮ್ಮ ನಿಂಗಿ ಬಂದಾಳೇನ್ರೇ?"

ಎಲ್ಲರ ಕಣ್ಣೂ ಟಿ.ವಿ. ಮೇಲೆ. ಮುದುಕಿಯನ್ನು ಸಮಾಧಾನ ಮಾಡಲೆಂದೋ ಏನೋ, ಒಬ್ಬಳು ತಿರುಗಿ ನೋಡದೆ ಅಂದಳು: "ಬಂದಾಳ, ಇಲ್ಲೇ ಕುಂತಾಳ."

ನಾನು ಪಕ್ಕಕ್ಕೆ ನೋಡಿದೆ. ಮನೆ ಕಿಕ್ಕಿರಿದಿತ್ತು, ಗೋಡೆಗೆ ಆತು ನಿಂತವರೂ ಇದ್ದರು. ಆದರೂ ನನ್ನ ಪಕ್ಕ ಒಬ್ಬರು ಕೂರುವಷ್ಟು ನೆಲ ಖಾಲಿ ಬಿದ್ದಿತ್ತು. ಅಲ್ಲಿ ಏನೂ ಹಾಸಿರಲಿಲ್ಲ. ಆದರೂ ಯಾರೂ ಕೂತಿರಲಿಲ್ಲ.

ಹನುಮವ್ವ ಕಿವಿಗೊಟ್ಟು ನಿಂತೇ ಇದ್ದಳು. ಪೆಟ್ಟಿಗೆ ನಗಲಿಲ್ಲ. "ಹಂಗಾದ್ರ ಯಾಕ ನಗವಲ್ಲಳು?" ಅಂದಳು. ನಾನು ಕಣ್ಣನ್ನು ಟಿ.ವಿ.ಗೆ ನೆಟ್ಟೆ, ಅವತ್ತಿನ ಹಾಗೆಯೇ.

ಅವಳಿಗೆ ಇರುವುದು ಮಗಳ ಆ ನಗು ಒಂದೇ. ಅದನ್ನೂ ಕಸಿದುಕೊಳ್ಳಬೇಕೇ ಅಂತ ವಾರವೆಲ್ಲ ನನ್ನನ್ನು ನಾನೇ ಕೇಳಿಕೊಂಡೆ. ಇದು ಅವಳ ಮೇಲಿನ ಕನಿಕರವಲ್ಲ, ನನ್ನ ಹಳೆಯ ಅಂಜಿಕೆಯೇ. ಕೇಳಿದವಳು ತಾಯಿ. ಅವಳಿಗೆ ಉತ್ತರ ಸಲ್ಲಬೇಕು.

ನಾಳೆ ಭಾನುವಾರ. ಟಿ.ವಿ. ಹಚ್ಚುವುದಿಲ್ಲ. ಅವಳು ಬರುವುದನ್ನು ಕಾಯದೆ ನಾನೇ ಅವಳ ಮನೆಗೆ ಹೋಗಿ, ಮುಖಕ್ಕೆ ಮುಖ ಕೊಟ್ಟು ಹೇಳುತ್ತೇನೆ:

"ಬಂದಿಲ್ಲ ದೊಡ್ಡವ್ವ. ಅವತ್ತೂ ಬಂದಿರಲಿಲ್ಲ."